ಹೊಸದಾಗಿ ಒಕ್ಕಲು ಹೂಡುವವರಿಗೆ: ತಲಪರಿಗೆಯ ಸೀಮೆಯಲ್ಲಿ ಸ್ವಾವಲಂಬನದ ಬೇಸಾಯ

ಒಂದು ಕುಟುಂಬವು ತನ್ನ ಊಟದ ಧಾನ್ಯ, ಬೇಳೆ, ಎಣ್ಣೆ, ತರಕಾರಿ, ಹಾಲು, ಸೌದೆ ಇವುಗಳ ಬಹುಭಾಗವನ್ನು ಸ್ವಂತ ಜಮೀನಿನಿಂದಲೇ ಪಡೆದು, ಉಪ್ಪು, ಬಟ್ಟೆ, ಔಷಧಿ, ಮಕ್ಕಳ ವಿದ್ಯಾಭ್ಯಾಸ ಮೊದಲಾದವುಗಳಿಗೆ ಮಾತ್ರ ಹಣ ವೆಚ್ಚ ಮಾಡಿ ಬಾಳುವುದಕ್ಕೆ ಸ್ವಾವಲಂಬನದ ಒಕ್ಕಲುತನವೆಂದು ಹೆಸರು. 2020ನೆಯ ಇಸವಿಯ ಸಾಂಕ್ರಾಮಿಕದ ಕಾಲದಲ್ಲಿ ಬೆಂಗಳೂರಿನ ಉದ್ಯೋಗವನ್ನು ಬಿಟ್ಟು ಊರು ಸೇರಿದವರು ಅನೇಕರು. ಅವರಲ್ಲಿ ಕೆಲವರು ಪಿತ್ರಾರ್ಜಿತವಾದ ಮೂರು ನಾಲ್ಕು ಎಕರೆ ಖುಷ್ಕಿ ಜಮೀನಿನಲ್ಲಿ ಒಕ್ಕಲು ಹೂಡಲು ಯತ್ನಿಸಿದರು. ಇಂತಹವರು ಮೊದಲು ಸಲಹೆ ಕೇಳುವುದು ಗ್ರಾಮದ ಯಜಮಾನರನ್ನೂ ಹಿರಿಯ ಜಮೀನುದಾರರನ್ನೂ ಅಲ್ಲವೆ? ಆದುದರಿಂದ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಹೊಸ ಒಕ್ಕಲಿಗೆ ಯಾವ ಸಲಹೆ ಹಿತವಾದುದೆಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಸಾಮಾನ್ಯವಾಗಿ ಹೊಸಬನು ಕೈಹಾಕುವ ಮೊದಲನೆಯ ಕೆಲಸವು ಕೊಳವೆಬಾವಿಯನ್ನು ಕೊರೆಯಿಸುವುದು. ತಂದ ಹಣವೆಲ್ಲವೂ ಭೂಮಿಯೊಳಕ್ಕೆ ಇಳಿದು, ನೀರು ಕಾಣದಿದ್ದರೆ ಎರಡನೆಯದಕ್ಕೆ ಸಾಲ, ಅದೂ ಬತ್ತಿದರೆ ಮೂರನೆಯದಕ್ಕೆ ಒಡವೆ; ಕೊನೆಗೆ ಪುನಃ ಬೆಂಗಳೂರಿನ ದಾರಿ. ಪಾವಗಡದ ಸೀಮೆಯಲ್ಲಿ ಆಳದ ನೀರು ಸಿಕ್ಕರೂ ಅದರಲ್ಲಿ ಫ್ಲೋರೈಡ್ ಎಂಬ ಲವಣಾಂಶವು ಹೆಚ್ಚಾಗಿರುವುದುಂಟು. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ಬಹುಕಾಲ ಕುಡಿದವರಿಗೆ ಹಲ್ಲು ಕಂದುಬಣ್ಣವಾಗಿ, ಮೂಳೆ ಕೀಲುಗಳು ಬಿಗಿದುಕೊಳ್ಳುವುವು. ಅಲ್ಲದೆ 2011ರ ಕರ್ನಾಟಕ ಅಂತರ್ಜಲ ಅಧಿನಿಯಮದ ಮೇರೆಗೆ ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಕೊರೆಯಿಸತಕ್ಕದ್ದಲ್ಲ. ಹೀಗಿರುವಲ್ಲಿ, ನೀರನ್ನು ಆಳದಲ್ಲಿ ಹುಡುಕುವುದಕ್ಕೆ ಮುಂಚೆ ಮೇಲೆಯೇ ಹುಡುಕುವುದು ವಿವೇಕವು. ಈ ನಾಲ್ಕು ತಾಲ್ಲೂಕುಗಳಿಗೆ ಪ್ರಕೃತಿಯು ಅಂತಹ ಒಂದು ಅನುಕೂಲವನ್ನು ಕೊಟ್ಟಿದೆ. ಅದೇ ತಲಪರಿಗೆ.

ತಲಪರಿಗೆ ಎಂದರೆ ಮರಳುಭೂಮಿಯಲ್ಲಿ ಕೈಗೆಟಕುವ ಆಳದಲ್ಲಿ ತಾನಾಗಿ ಜಿನುಗುವ ಊಟೆ. ರೈಸ್ ಸಾಹೇಬರು 1897ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಮೈಸೂರು ಗೆಜೆಟಿಯರಿನಲ್ಲಿಯೂ ಈ ಸೀಮೆಯ ತಲಪರಿಗೆಗಳ ಪ್ರಸ್ತಾಪವಿರುವುದು. ಗುಡ್ಡಗಳ ಮೇಲೆ ಬಿದ್ದ ಮಳೆಯೂ ಕೆರೆಗಳಲ್ಲಿ ನಿಂತ ನೀರೂ ಮರಳಿನೊಳಕ್ಕೆ ಇಳಿದು, ಕೆಳಗಿನ ಗಟ್ಟಿ ಬಂಡೆಯನ್ನು ದಾಟಲಾರದೆ ಅದರ ಮೇಲೆಯೇ ನಿಧಾನವಾಗಿ ತಗ್ಗಿನ ಕಡೆಗೆ ಹರಿಯುವುದು. ಜಯಮಂಗಲಿ, ಸುವರ್ಣಮುಖಿ, ಉತ್ತರಪಿನಾಕಿನಿ ಮುಂತಾದ ಹೊಳೆಗಳ ದಂಡೆ, ಹಳ್ಳಗಳ ಪಾತ್ರ, ಕೆರೆಗಳ ಹಿಂಬದಿ, ಇಂತಹ ಎಡೆಗಳಲ್ಲಿ ಕೆಲವು ಅಡಿ ಅಗೆದರೆ ಆ ನೀರು ಒಸರುವುದು. ಅಲ್ಲಿ ಗುಂಡಿ ತೋಡಿ, ಸುತ್ತಲೂ ಕಲ್ಲು ಕಟ್ಟಿ, ತಗ್ಗಿನ ಕಡೆಗೆ ಕಾಲುವೆ ತೆಗೆದರೆ ಎತ್ತಾಗಲಿ ಯಂತ್ರವಾಗಲಿ ಇಲ್ಲದೆ ನೀರು ಹೊಲಕ್ಕೆ ನಡೆಯುತ್ತದೆ. ಮಟ್ಟವು ಕೆಳಗಿದ್ದೆಡೆ ಏತ, ಕಪಿಲೆಗಳಿಂದ ಎತ್ತುತ್ತಿದ್ದರು. ಊಟೆ ಸಣ್ಣದಾದರೆ ರಾತ್ರಿಯೆಲ್ಲ ಕಟ್ಟೆಯಲ್ಲಿ ತುಂಬಿಸಿ ಹಗಲು ಬಿಡುವ ಪದ್ಧತಿಯುಂಟು.

ಈ ನೀರಿಗೆ ಒಬ್ಬನೇ ಒಡೆಯನಿಲ್ಲ. ಅಚ್ಚುಕಟ್ಟಿನವರೆಲ್ಲರೂ ವರ್ಷಕ್ಕೊಮ್ಮೆ ಮನೆಗೊಂದಾಳಿನಂತೆ ಸೇರಿ ಹೂಳೆತ್ತಬೇಕು, ಆಳು ಕಳುಹಿಸದವನು ತಪ್ಪುಕಾಣಿಕೆ ತೆರಬೇಕು, ನೀರುಗಂಟಿಯು ಸರದಿಯಂತೆ ಬಿಡಬೇಕು: ಇದು ಹಿಂದಿನ ಕಟ್ಟಳೆ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮವು 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳು ನಿಂತುವು. ಹುಟ್ಟಿನಿಂದ ಒಬ್ಬನಿಗೆ ಚಾಕರಿಯನ್ನು ಅಂಟಿಸುವ ಕ್ರಮವು ಹೋದುದು ನ್ಯಾಯವೇ ಸರಿ. ಆದರೆ ನೀರುಗಂಟಿಯ ಹುದ್ದೆಯೊಡನೆ ನೀರುಗಂಟಿಯ ಕೆಲಸವೂ ಹೋಗಬೇಕಾಗಿರಲಿಲ್ಲ. ಸಂಬಳ ಕೊಟ್ಟು ಆ ಕೆಲಸವನ್ನು ನಡೆಯಿಸಲು ಯಾವ ಅಡ್ಡಿಯೂ ಇರಲಿಲ್ಲ, ಮನಸ್ಸಿರಲಿಲ್ಲ. ಅಷ್ಟರಲ್ಲಿ ಕೊಳವೆಬಾವಿಗಳು ಬಂದುವು. ಸ್ವಂತ ನೀರುಳ್ಳವನಿಗೆ ಹೂಳೆತ್ತುವ ಕರೆ ಏಕೆ ಕೇಳೀತು? ಊಟೆಯ ಮೇಲುಗಡೆ ಮರಳನ್ನು ಲಾರಿಗಳಲ್ಲಿ ಸಾಗಿಸಿದ ಊರುಗಳಲ್ಲಂತೂ ನೀರನ್ನು ಹಿಡಿದಿಡುವ ಪಾತ್ರೆಯೇ ಮಾರಾಟವಾದಂತಾಯಿತು.

ಹಳೆಯ ತಲಪರಿಗೆಗಳೆಲ್ಲವೂ ಹೂಳೆತ್ತಿದೊಡನೆ ಮರಳಿ ಹರಿಯುವುವೆಂದು ಹೇಳಲಾಗದು. ಸುತ್ತಲಿನ ಕೊಳವೆಬಾವಿಗಳು ನೂರಾರು ಅಡಿಗಳಿಂದ ನೀರೆಳೆಯುತ್ತಿರುವಲ್ಲಿ ಮೇಲಿನ ಊಟೆಯು ಸೋತಿರುವುದು ಸಹಜ. ಆದುದರಿಂದ ಮೊದಲು ಪರೀಕ್ಷೆಮಾಡತಕ್ಕದ್ದು. ವೈಶಾಖದ ಬಿಸಿಲಿನಲ್ಲಿ, ಊಟೆಯಿದ್ದ ಸ್ಥಳದಲ್ಲಿ ಉದ್ದಗಲ ಒಂದೊಂದು ಮೀಟರಿನ ಗುಂಡಿಯನ್ನು ನೀರು ಕಾಣುವವರೆಗೆ ತೋಡಿ, ಒಂದು ರಾತ್ರಿ ಬಿಟ್ಟು, ನಿಂತ ಮಟ್ಟವನ್ನು ಕೋಲಿನಿಂದ ಗುರುತುಮಾಡಬೇಕು. ಬೆಳಗ್ಗೆ ಒಂದು ಗೇಣಿನಷ್ಟು ನೀರನ್ನು ಎತ್ತಿಹಾಕಿ, ಗಂಟೆಗೆ ಎಷ್ಟು ಏರುವುದೆಂದು ನೋಡಬೇಕು. ಹತ್ತು ಸೆಂಟಿಮೀಟರು ಏರಿದರೆ ಗಂಟೆಗೆ 100 ಲೀಟರು, ಅಹೋರಾತ್ರಿಗೆ 2,400 ಲೀಟರು ಆದಂತಾಯಿತು. ಒಂದು ಗುಂಟೆ ತರಕಾರಿಗೆ ಬೇಸಗೆಯಲ್ಲಿ ದಿನಕ್ಕೆ ಸುಮಾರು 400 ಲೀಟರು ಬೇಕು. ಸೋರಿಕೆಯನ್ನು ಕಳೆದರೂ ಅಂತಹ ಒಂದು ಗುಂಡಿಯು ಐದು ಮನೆಗಳ ಹಿತ್ತಲನ್ನು ಕಾಪಾಡಬಲ್ಲದು. ಗುಂಡಿ ಪೂರ್ತಿ ಒಣಗಿಯೇ ಇದ್ದರೆ ಅಲ್ಲಿ ಹಣ ವೆಚ್ಚಮಾಡುವುದಕ್ಕಿಂತ ಮೇಲುಗಡೆಯ ಕೆರೆಯ ಏರಿ ತೂಬುಗಳನ್ನು ಸರಿಪಡಿಸಿ, ಎರಡು ಮೂರು ಮಳೆಗಾಲ ಕಾದು ನೋಡುವುದು ಲೇಸು.

ಇನ್ನು ಜಮೀನಿನ ವಿಚಾರ. ಪಾವಗಡ, ಸಿರಾಗಳ ಕಡೆ ವರ್ಷದ ಮಳೆ ಐದಾರು ನೂರು ಮಿಲಿಮೀಟರು. ಕೊರಟಗೆರೆಯ ಕಡೆ ಸ್ವಲ್ಪ ಹೆಚ್ಚು. ಅದರಲ್ಲಿಯೂ ದೊಡ್ಡ ಪಾಲು ಬರುವುದು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳಲ್ಲಿ. ನಾಲ್ಕು ಎಕರೆಯಿರುವ, ಐದು ಮಂದಿಯ ಕುಟುಂಬವೊಂದನ್ನು ತೆಗೆದುಕೊಳ್ಳೋಣ. ದಿನಕ್ಕೆ ಒಂದೂವರೆ ಕಿಲೋ ರಾಗಿಯಂತೆ ವರ್ಷಕ್ಕೆ ಐದೂವರೆ ಕ್ವಿಂಟಾಲ್ ಬೇಕು. ಮಳೆಯಾಶ್ರಯದಲ್ಲಿ ಸಾಧಾರಣ ವರ್ಷ ಎಕರೆಗೆ ಐದು ಕ್ವಿಂಟಾಲ್ ಎಂದಿಟ್ಟುಕೊಂಡರೂ ಒಂದು ಎಕರೆಗೆ ಮೇಲೆ ಬೇಕಾಯಿತು. ಬರಗಾಲಕ್ಕೆಂದು ಇನ್ನಷ್ಟು ಸೇರಿಸಿ ಎರಡು ಎಕರೆಯನ್ನು ರಾಗಿಗೆ ಬಿಡುವುದು ಯೋಗ್ಯವು. ರಾಗಿಗೆ ಹುಳ ಬೀಳುವುದು ಅಪರೂಪ. ಚೆನ್ನಾಗಿ ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡದು. ನಮ್ಮ ಹಿರಿಯರು ಹಗೇವುಗಳಲ್ಲಿ ತುಂಬಿಟ್ಟು ಕ್ಷಾಮಗಳನ್ನು ದಾಟಿದುದು ಇದರ ಬಲದಿಂದಲೇ. ಅಕ್ಕಿಯನ್ನೇ ನಂಬಿದವನಿಗೆ ಈ ಧೈರ್ಯವಿಲ್ಲ.

ರಾಗಿಯನ್ನು ಒಂಟಿಯಾಗಿ ಬಿತ್ತದೆ ಅಕ್ಕಡಿಸಾಲುಗಳಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಅಂಚಿಗೆ ಹರಳು ಇವುಗಳನ್ನು ಹಾಕತಕ್ಕದ್ದು. ಬೇಳೆ ಮನೆಯಲ್ಲಿಯೇ ಆಗುವುದು, ಒಂದು ಕೆಟ್ಟರೆ ಒಂದು ಉಳಿಯುವುದು. ಪುಷ್ಯ, ಆಶ್ಲೇಷಗಳಲ್ಲಿ ಬಿತ್ತಲು ಅನುಕೂಲವಾದರೆ ಜಿ.ಪಿ.ಯು. 28 ಎಂಬ ತಳಿಯು ಒಳ್ಳೆಯದು. ಬೆಂಕಿರೋಗವನ್ನು ತಡೆಯಬಲ್ಲದು, ಸುಮಾರು 110 ದಿನಗಳಲ್ಲಿ ಕೊಯ್ಲಿಗೆ ಬರುವುದು. ಮಳೆ ಹಿಂದಾದರೆ ಅದಕ್ಕಿಂತ ಬೇಗ ಬರುವ ಜಿ.ಪಿ.ಯು. 48 ಅನ್ನು ಬಿತ್ತಬೇಕು. ಹುಬ್ಬೆ ಕಳೆದರೂ ಹೊಲ ಹದಕ್ಕೆ ಬಾರದಿದ್ದರೆ ರಾಗಿಯ ಆಸೆ ಬಿಟ್ಟು ಹುರುಳಿ ಚೆಲ್ಲಬೇಕು. ಹೊಸಬನಿಗೆ ಕಷ್ಟವಾಗುವುದು ಇದೇ. ಬಿತ್ತಬೇಕೆಂದು ಮೊದಲೇ ಬರೆದಿಟ್ಟುಕೊಂಡ ಪೈರನ್ನು ಬಿಡಲಾರದೆ, ಕಾಲ ಮೀರಿ ಬಿತ್ತಿ, ಹುಲ್ಲನ್ನೂ ಕಳೆದುಕೊಳ್ಳುವನು. ಊರಿನ ಹಿರಿಯರು ಈ ಒಂದು ವಿಷಯದಲ್ಲಿ ಅವನ ಹೊಲಕ್ಕೆ ತಾವೇ ಹೋಗಿ ಹೇಳಿದರೆ ಬಹು ಉಪಕಾರವಾಗುವುದು.

ಕಡಲೆಕಾಯಿ ಈ ಸೀಮೆಯ ಹಣದ ಬೆಳೆ, ಜೂಜೂ ಹೌದು. ಎಕರೆಗೆ 45 ಕಿಲೋ ಬೀಜ ಬೇಕಾಗುವುದರಿಂದ ಮಳೆ ಕೈಕೊಟ್ಟರೆ ಹೋಗುವ ಬಂಡವಾಳವು ರಾಗಿಯಂತೆ ಸಣ್ಣದಲ್ಲ. ರಾಗಿಗೆ ನಾಲ್ಕೈದು ಕಿಲೋ ಬೀಜ ಸಾಕಷ್ಟೆ. ಮೊದಲ ವರ್ಷಗಳಲ್ಲಿ ಒಂದು ಎಕರೆಗೆ ಮೀರಿ ಇದನ್ನು ಹಾಕತಕ್ಕದ್ದಲ್ಲ. ಅದರಲ್ಲಿಯೂ ತೊಗರಿಯ ಸಾಲುಗಳಿರಬೇಕು. ಮರುವರ್ಷ ಅದೇ ಹೊಲಕ್ಕೆ ರಾಗಿ ಬರಬೇಕು. ಫಸಲು ಬಂದಾಗ ವರ್ತಕನ ತಕ್ಕಡಿಗೆ ಮುಂಚೆ ಎರಡು ಪಾಲು ತೆಗೆದಿಡಬೇಕು. ಬೀಜಕ್ಕೆ ಸುಮಾರು 65 ಕಿಲೋ ಕಾಯಿ. ತಿಂಗಳಿಗೆ ಎರಡು ಕಿಲೋ ಎಣ್ಣೆಯಂತೆ ಗಾಣಕ್ಕೆ ಸುಮಾರು 90 ಕಿಲೋ ಕಾಯಿ. ಮಿಕ್ಕುದು ಮಾರಾಟಕ್ಕೆ. ಬೀಜದ ಕಾಯಿಯನ್ನು ಬಿತ್ತನೆಗೆ ಕೆಲವೇ ದಿನಗಳ ಮುಂಚೆ ಕೈಯಿಂದಲೇ ಸುಲಿದು, ನೂರು ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಎಪ್ಪತ್ತಕ್ಕೆ ಕಡಿಮೆ ಮೊಳೆತರೆ ಬೇರೆ ಬೀಜ ನೋಡಬೇಕು.

ಉಳಿದ ಒಂದು ಎಕರೆಯಲ್ಲಿ ಅರ್ಧಕ್ಕೆ ಸಾಮೆ, ನವಣೆ, ಹಾರಕಗಳೂ ಹುರುಳಿಯೂ. ಅರ್ಧದಲ್ಲಿ ಮನೆ, ಕಣ, ತಿಪ್ಪೆ, ಹಿತ್ತಲು. ಬದುಗಳ ಮೇಲೆ ಹೊಂಗೆ, ಬೇವು, ಎರಡು ಮೂರು ಹುಣಿಸೆ. ಹುಣಿಸೆಯು ಫಲಕ್ಕೆ ಬರಲು ಬಹುವರ್ಷ ಹಿಡಿಯುವುದಾದರೂ ಆಮೇಲೆ ನೀರು ಗೊಬ್ಬರ ಕೇಳದೆ ಹಣ ಕೊಡುವ ಮರ ಈ ಸೀಮೆಯಲ್ಲಿ ಇನ್ನೊಂದಿಲ್ಲ.

ಕುಡಿಯುವ ನೀರಿಗೆ ಮನೆಯ ಮಾಡನ್ನೇ ಕೆರೆಯೆಂದು ಭಾವಿಸಬೇಕು. 600 ಚದರಡಿ ಮಾಡಿನ ಮೇಲೆ ವರ್ಷಕ್ಕೆ 550 ಮಿಲಿಮೀಟರು ಮಳೆ ಬಿದ್ದರೆ 30,000 ಲೀಟರಿಗೆ ಮೇಲಾಗುವುದು. ಐದರಲ್ಲಿ ಒಂದು ಪಾಲು ವ್ಯರ್ಥವಾದರೂ 24,000 ಲೀಟರು ನಿಲ್ಲುವುದು. ಕುಡಿಯುವುದಕ್ಕೂ ಅಡಿಗೆಗೂ ದಿನಕ್ಕೆ 25 ಲೀಟರಿನಂತೆ ಐದು ಮಂದಿಗೆ ವರ್ಷಕ್ಕೆ ಬೇಕಾದುದು 9,125 ಲೀಟರು ಮಾತ್ರ. ಎಂಟು ಅಡಿ ಅಡ್ಡಳತೆ, ಏಳು ಅಡಿ ಎತ್ತರದ ಮುಚ್ಚಿದ ತೊಟ್ಟಿಯೊಂದು ಹತ್ತು ಸಾವಿರ ಲೀಟರು ಹಿಡಿಯುವುದು. ಮೊದಲ ಮಳೆಯ ಕೊಳೆನೀರನ್ನು ಹೊರಕ್ಕೆ ಬಿಟ್ಟು, ಮರಳು ಇದ್ದಲುಗಳ ಮೂಲಕ ಸೋಸಿ ತುಂಬಿ, ಕುದಿಸಿ ಕುಡಿಯತಕ್ಕದ್ದು. ಈ ನೀರಿಗೆ ಫ್ಲೋರೈಡಿನ ಭಯವಿಲ್ಲ. ಕೊಳವೆಬಾವಿಗೆ ಹಣ ಹೊಂದಿಸುವವನು ಮೊದಲು ಇದನ್ನು ಕಟ್ಟಿಸಲಿ.

ದನಗಳ ವಿಷಯದಲ್ಲಿ ಹೊಸಬರ ಉತ್ಸಾಹವನ್ನು ಸ್ವಲ್ಪ ಹಿಡಿಯಬೇಕು. ಒಂದು ಜೊತೆ ಎತ್ತಿಗೆ ದಿನಕ್ಕೆ ಹತ್ತು ಹನ್ನೆರಡು ಕಿಲೋ ಒಣಮೇವೆಂದರೂ ವರ್ಷಕ್ಕೆ ನಾಲ್ಕು ಟನ್ನಿನ ಹತ್ತಿರ ಬೇಕು. ಎರಡು ಎಕರೆ ರಾಗಿಯ ಹುಲ್ಲು ಅದಕ್ಕೆ ಸಾಲದು. ಒಂದು ಹಸು, ನಾಲ್ಕಾರು ಕುರಿ ಅಥವಾ ಮೇಕೆ, ಹಿತ್ತಲ ಕೋಳಿ ಇಷ್ಟು ಸಾಕು. ಉಳುಮೆಗೆ ನೆರೆಯವರ ಎತ್ತನ್ನು ಮುಯ್ಯಿಗೆ ಪಡೆದು, ಕಳೆ ಕೊಯ್ಲುಗಳಲ್ಲಿ ಆಳಾಗಿ ತೀರಿಸಬಹುದು. ಗೊಬ್ಬರವು ಎಕರೆಗೆ ಮೂರು ಟನ್ನಿನಂತೆ ಬೇಕಾಗಿದ್ದು ಒಂದು ಹಸುವಿನಿಂದ ಅದು ಆಗದು. ಬೇಸಗೆಯಲ್ಲಿ ಕಾಡುಗೊಲ್ಲರು, ಕುರುಬರು ಕುರಿಮಂದೆಗಳೊಡನೆ ಬಂದಾಗ ಧಾನ್ಯ ಕೊಟ್ಟು ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುವ ಪದ್ಧತಿಯನ್ನು ಬಿಡಬಾರದು.

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮುಂತಾದ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆ ಜಮೀನು ಸೌರವಿದ್ಯುತ್ತಿನ ಪಾರ್ಕಿಗೆ ಗುತ್ತಿಗೆಗೆ ಹೋಗಿ, 2019ರ ಕೊನೆಯಲ್ಲಿ 2,050 ಮೆಗಾವಾಟ್ ಪೂರ್ಣವಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆ ಹಣವು ಮಳೆಯಿಲ್ಲದ ಭೂಮಿಗೆ ಸಣ್ಣದಲ್ಲ; ಒಪ್ಪಿದವರನ್ನು ದೂರುವಂತಿಲ್ಲ. ಆದರೆ ಆ ಹಣ ಬರುವುದು ಜಮೀನಿನ ಒಡೆಯನಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೂ, ಕುರಿ ಮೇಯಿಸುತ್ತಿದ್ದವನಿಗೂ ಅದು ತಲಪದು. ಅಂತಹ ಊರುಗಳ ಜಮೀನುದಾರರು ಮನೆಯ ಹತ್ತಿರ ಒಂದೆರಡು ಎಕರೆಯನ್ನಾದರೂ ರಾಗಿಗೆ ಉಳಿಸಿಕೊಂಡು ಕೂಲಿಯವರಿಗೆ ಕೆಲಸ ಕೊಟ್ಟರೆ ಕಣಜವೂ ತುಂಬುವುದು, ಊರೂ ಉಳಿಯುವುದು.

ಈಗ ಗ್ರಾಮದ ಯಜಮಾನರಿಂದ ಆಗಬೇಕಾದ ಕೆಲಸ. ಊರಿನ ತಲಪರಿಗೆಗಳನ್ನು ಹಿರಿಯರನ್ನು ಕೇಳಿ ಪಟ್ಟಿಮಾಡಿ, ಸರ್ವೆ ನಂಬರಿನೊಡನೆ ಗ್ರಾಮ ಪಂಚಾಯಿತಿಯ ದಾಖಲೆಗೆ ಸೇರಿಸತಕ್ಕದ್ದು. ದಾಖಲೆಯಿಲ್ಲದ ಊಟೆಯು ಒತ್ತುವರಿಯಾದರೆ ಕೇಳುವವರಿಲ್ಲ. ಊಟೆಯ ಮೇಲುಗಡೆ ಮರಳು ತೆಗೆಯುವುದನ್ನು ಗ್ರಾಮಸಭೆಯ ನಿರ್ಣಯದಿಂದ ತಡೆದು ತಹಸೀಲ್ದಾರರಿಗೆ ಬರೆಯಬೇಕು. ಹೂಳೆತ್ತುವ ಕೆಲಸವನ್ನು ವಾರ್ಷಿಕ ಕ್ರಿಯಾಯೋಜನೆಯಲ್ಲಿ ನಮೂದಿಸಿ, ಸಂಬಳದ ನೀರುಗಂಟಿಯನ್ನು ಜಾತಿ ನೋಡದೆ ನೇಮಿಸಬೇಕು. ಸರದಿಯಲ್ಲಿ ಹೊಸ ಒಕ್ಕಲಿಗೂ, ತುಂಡು ಹಿಡುವಳಿಯವನಿಗೂ, ಮೊದಲು ನೀರಿನ ಹತ್ತಿರ ಬಿಡದೆ ಇದ್ದ ಕೇರಿಯವರಿಗೂ ಪಾಲು ಗೊತ್ತುಮಾಡತಕ್ಕದ್ದು. ದೊಡ್ಡ ಹಿಡುವಳಿದಾರರು ಇದಕ್ಕೆ ಮೊದಲು ಒಪ್ಪಿಗೆ ಕೊಡಬೇಕು. ಅವರು ಒಪ್ಪದ ಊರಿನಲ್ಲಿ ಹೂಳು ಎತ್ತಿದರೂ ಒಂದೆರಡು ವರ್ಷಗಳಲ್ಲಿ ಮತ್ತೆ ತುಂಬುವುದು.

ಯುಗಾದಿ ಕಳೆದ ಮೇಲೆ ಗುಂಡಿ ತೋಡಿ ಪರೀಕ್ಷೆ, ವೈಶಾಖ ಮುಗಿಯುವುದರೊಳಗೆ ಹೂಳು, ರೋಹಿಣಿ ಮಳೆಗೆ ಮುಂಚೆ ಕಾಲುವೆಯ ದುರಸ್ತಿ ಆಗಿರಬೇಕು. ಎತ್ತಿದ ಹೂಳನ್ನು ದಂಡೆಯ ಮೇಲೆ ಬಿಟ್ಟರೆ ಮೊದಲ ಮಳೆಗೆ ತಿರುಗಿ ಊಟೆಗೇ ಇಳಿಯುವುದರಿಂದ ಅಂದಂದೇ ಗಾಡಿಗಳಲ್ಲಿ ಹೊಲಗಳಿಗೆ ಸಾಗಿಸತಕ್ಕದ್ದು.