ಜಾಜ್ ಗಿಟಾರ್: ಮೂಲೆ ಸೇರದಿರಲು ಒಂದು ಹಾಡು ಸಾಕು

ಜಾಜ್ ಗಿಟಾರ್ ಕಲಿಯಲು ಹೊರಟವರು ನಡುವೆ ಕೈಬಿಡುವುದು ಹೆಚ್ಚಾಗಿ ಬೆರಳ ನೋವಿಗಲ್ಲ. ಸ್ಕೇಲು, ಕಾರ್ಡುಗಳ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಮನೆಗೆ ಬಂದವರು ‘ಏನಾದರೂ ನುಡಿಸಪ್ಪಾ’ ಎಂದರೆ ನುಡಿಸಲು ಒಂದೂ ಇರುವುದಿಲ್ಲ. ಆದ್ದರಿಂದ ಪಟ್ಟಿಯನ್ನು ಬದಿಗಿಟ್ಟು ಮೊದಲು ಒಂದು ಹಾಡು ಹಿಡಿಯಿರಿ.

ಡ್ಯೂಕ್ ಎಲಿಂಗ್ಟನ್ ಅವರ ‘ಸಿ ಜಾಮ್ ಬ್ಲೂಸ್’ ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಧಾಟಿಯಲ್ಲಿರುವುದು ಜಿ ಮತ್ತು ಸಿ, ಎರಡೇ ಸ್ವರ. ಕಸರತ್ತೆಲ್ಲ ಲಯದಲ್ಲಿ. ಗಿಟಾರ್ ಮುಟ್ಟುವ ಮೊದಲು ರೆಕಾರ್ಡಿಂಗ್ ಕೇಳಿ, ಬಾಯಲ್ಲೇ ಗುನುಗಿ.

ಮುಂದೆ ಕಾರ್ಡು. ಆರು ತಂತಿಯನ್ನೂ ಒತ್ತಬೇಕಿಲ್ಲ, ಮೂರು ಸಾಕು. ಸಿ7ಗೆ 6ನೇ ತಂತಿಯ 8ನೇ ಫ್ರೆಟ್, 4ನೇ ತಂತಿಯ 8, 3ನೇ ತಂತಿಯ 9. ಎಫ್7ಗೆ ಹೋಗುವಾಗ ಮೇಲಿನ ಆ ಎರಡು ಸ್ವರಗಳು ಒಂದೊಂದೇ ಫ್ರೆಟ್ ಹಿಂದೆ ಸರಿದು 7 ಮತ್ತು 8ಕ್ಕೆ ಬರುತ್ತವೆ. ಬುಡದ ಸ್ವರ 5ನೇ ತಂತಿಯ 8ಕ್ಕೆ. ಇಡೀ ಎಫ್7 ಎರಡು ಫ್ರೆಟ್ ಮುಂದೆ ಜರುಗಿದರೆ ಜಿ7. ಸಿ7 ನಾಲ್ಕು ಬಾರ್, ಆಮೇಲೆ ಎಫ್7, ಸಿ7, ಜಿ7, ಸಿ7 ಎರಡೆರಡು: ಹನ್ನೆರಡು ಬಾರಿನ ಬ್ಲೂಸ್‌ನ ಸರಳ ರೂಪ ಮುಗಿಯಿತು.

ಮೆಟ್ರೊನೋಮನ್ನು 50ಕ್ಕಿಡಿ. ಅದರ ಸದ್ದನ್ನು ಒಂದು, ಮೂರು ಎಂದಲ್ಲ, ಎರಡು, ನಾಲ್ಕು ಎಂದು ಎಣಿಸಿ. ಮೊದಮೊದಲು ತಲೆ ಕೆಡುತ್ತದೆ, ಆದರೆ ಜಾಜ್‌ನ ತೂಗಾಟ ಅಲ್ಲೇ ಇರುವುದು. ಬರೀ ಕಾರ್ಡು ನುಡಿಸುವುದು ಕೀಳೆಂದು ತಿಳಿಯಬೇಡಿ: ಫ್ರೆಡ್ಡಿ ಗ್ರೀನ್ 1937ರಲ್ಲಿ ಕೌಂಟ್ ಬೇಸಿ ವಾದ್ಯವೃಂದ ಸೇರಿ, ಹೆಚ್ಚುಕಡಿಮೆ ಐವತ್ತು ವರ್ಷ ಅದನ್ನೇ ಮಾಡಿದರು.

ಸೋಲೊಗೆ ಮನೋಧರ್ಮ ಉಕ್ಕಿ ಬರಲೆಂದು ಕಾಯಬೇಡಿ, ಎರವಲು ಪಡೆಯಿರಿ. ವೆಸ್ ಮಾಂಟ್ಗೊಮರಿ ಆರು ತಂತಿಯ ಗಿಟಾರ್ ಹಿಡಿದದ್ದೇ ಇಪ್ಪತ್ತರ ಆಸುಪಾಸಿನಲ್ಲಿ. ಚಾರ್ಲಿ ಕ್ರಿಶ್ಚಿಯನ್‌ರ ಸೋಲೊಗಳನ್ನು ರೆಕಾರ್ಡ್ ಕೇಳಿ ಕೇಳಿಯೇ ಕಲಿತು, ಮೊದಲು ಅವನ್ನೇ ನುಡಿಸಿದರು. ನೀವು ವಾರಕ್ಕೆ ಎರಡು ಬಾರ್ ಕದ್ದರೆ ಸಾಕು. ವೇಗ ತಗ್ಗಿಸಿ ಕೇಳುವ ಸೌಲಭ್ಯ ಫೋನಿನಲ್ಲೇ ಇದೆ, ಅವರಿಗೆ ಅದೂ ಇರಲಿಲ್ಲ.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ಇದೇ ವಾಸಿ. ಗಿಟಾರ್ ಚೀಲದಲ್ಲಿದ್ದರೆ ತೆಗೆಯಲು ಸೋಮಾರಿತನ, ಹೊರಗೆ ಸ್ಟ್ಯಾಂಡ್ ಮೇಲಿಡಿ. ತಿಂಗಳಿಗೊಮ್ಮೆ ಅದೇ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಹಿಂದಿನದರ ಜೊತೆ ಹೋಲಿಸಿ. ಯೂಟ್ಯೂಬ್‌ನ ಹದಿನಾರರ ಹುಡುಗನ ಜೊತೆಗಲ್ಲ!

ಜೊತೆಗೆ ನುಡಿಸುವವರು ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ನಿಮ್ಮದೇ ಕಾರ್ಡುಗಳನ್ನು ಹತ್ತು ಸುತ್ತು ರೆಕಾರ್ಡ್ ಮಾಡಿಕೊಂಡು ಅದರ ಮೇಲೆ ಸೋಲೊ ನುಡಿಸಿ. ಬ್ಲೂಸ್ ಕೈಗೆ ಕುಳಿತ ಮೇಲೆ ಮೈಲ್ಸ್ ಡೇವಿಸ್‌ರ ‘ಸೋ ವಾಟ್’ಗೆ ಹೋಗಬಹುದು, 32 ಬಾರ್ ಇದ್ದರೂ ಅದರಲ್ಲಿರುವುದು ಒಂದೇ ಸ್ಕೇಲು, ನಡುವಿನ 8 ಬಾರಿಗೆ ಒಂದು ಫ್ರೆಟ್ ಮೇಲೇರುತ್ತದೆ ಅಷ್ಟೆ.