ಫೋಟೋ ಕಿರಿದು ಮಾಡುವ ಮುನ್ನ ಮೂಲವನ್ನು ಕಾಪಾಡಿ



ಹಿಂದೆಲ್ಲ ಒಂದು ಮನೆಯ ಊಟ ಉಂಡವರು ಇನ್ನೊಂದು ಮನೆಗೆ ಹೇಳಿ, ಹಾಗೆ ನಮಗೆ ಆರ್ಡರ್ ಬರುತ್ತಿತ್ತು. ಈಗಲೂ ಬರುತ್ತದೆ. ಆದರೆ ಮದುವೆ ಪುಣೆಯಲ್ಲಿ, ಹುಡುಗಿಯ ತಂದೆತಾಯಿ ಹುಬ್ಬಳ್ಳಿಯಲ್ಲಿ, ಹುಡುಗ ಅಮೆರಿಕದಲ್ಲಿ ಎಂಬ ಕಾಲವಿದು. ನಮ್ಮ ಕೈರುಚಿ ನೋಡುವ ಮೊದಲೇ ಅವರು ಕೇಳುವುದು, "ನಿಮ್ಮ ಕೆಲಸದ ಫೋಟೋ ಕಳಿಸಿ" ಎಂದು. ಹಾಗಾಗಿ ಫೋಟೋ ಕಳಿಸುವುದೂ ಈಗ ಅಡಿಗೆಯವರ ಕೆಲಸವೇ. ಇದರಲ್ಲಿ ನಾನು ಎರಡು ಸಲ ಎಡವಿದ್ದೇನೆ. ನೀವು ಎಡವಬಾರದೆಂದು ಈ ಪಾಠ.

ಮೊದಲನೆಯದು ಆರ್ಡರ್ ತಪ್ಪಿದ ಕಥೆ. ೪೦೦ ಎಲೆಯ ಮದುವೆ. ಬಾಳೆ ಎಲೆ, ಬಫೆ ಕೌಂಟರ್, ಹೋಳಿಗೆ ತಟ್ಟುವುದು ಎಲ್ಲ ಸೇರಿ ೧೫ ಫೋಟೋಗಳನ್ನು ಮೊಬೈಲಿನಿಂದ ತೆಗೆದಂತೆಯೇ ಮೂರು ಈಮೇಲ್‌ಗಳಲ್ಲಿ ಹಂಚಿ ಕಳಿಸಿದೆ. ಒಂದೊಂದು ಫೋಟೋ ಸುಮಾರು ೪ ಎಂಬಿ. ಗಿರಾಕಿಯ ಕಚೇರಿ ಮೇಲ್ ಅಷ್ಟು ಭಾರ ಒಪ್ಪದೆ ಮೂರನ್ನೂ ತಿರುಗಿಸಿತು. ನಾನು ಆ ದಿನ ಇನ್ನೊಂದು ಕಾರ್ಯದ ಒಲೆಯ ಮುಂದೆ ಇದ್ದೆ, ನೋಡಲಿಲ್ಲ. ಮರುದಿನ ನೋಡುವಾಗ ಅವರು ಬೇರೆಯವರಿಗೆ ಮುಂಗಡ ಕೊಟ್ಟಾಗಿತ್ತು.

ಎರಡನೆಯದು ಇದಕ್ಕಿಂತ ದೊಡ್ಡ ನಷ್ಟ. ಬುದ್ಧಿ ಬಂತೆಂದುಕೊಂಡು ಒಂದು ಭಾನುವಾರ ಕುಳಿತು, ಕಂಪ್ಯೂಟರಿನಲ್ಲಿದ್ದ ಫೋಟೋಗಳನ್ನೆಲ್ಲ ೪೮೦ ಪಿಕ್ಸೆಲ್ ಅಗಲಕ್ಕೆ ಇಳಿಸಿ ಅದೇ ಹೆಸರಿನಲ್ಲಿ ಉಳಿಸಿಬಿಟ್ಟೆ. ಜಾಗವೂ ಉಳಿಯಿತು, ಕಳಿಸಲೂ ಸುಲಭವಾಯಿತು. ಮೊಬೈಲಿನಲ್ಲಿದ್ದವನ್ನು ಆಗಲೇ ಅಳಿಸಿದ್ದೆ. ಮುಂದಿನ ಮಳೆಗಾಲದಲ್ಲಿ, ನಮ್ಮಲ್ಲಿ ೨೫ ವರ್ಷ ಸೌಟು ಹಿಡಿದ ಹಿರಿಯ ಭಟ್ಟರು ಊರಿನಲ್ಲಿ ತೀರಿಕೊಂಡರು. ಅವರ ಮಗ ಫೋನ್ ಮಾಡಿ, "ಅಣ್ಣಾ, ಅಪ್ಪಯ್ಯನದ್ದೊಂದು ಒಳ್ಳೆಯ ಫೋಟೋ ಇದ್ದರೆ ಕಳಿಸಿ, ಕಟ್ಟು ಹಾಕಿಸಬೇಕು" ಎಂದ. ಇತ್ತು. ಕೊಪ್ಪರಿಗೆಯ ಮುಂದೆ ನಿಂತು ನಗುತ್ತಿದ್ದ ಫೋಟೋ. ಅದರಲ್ಲಿ ಭಟ್ಟರ ಮುಖದ ಪಾಲಿಗೆ ಬಂದದ್ದು ೬೦ ಪಿಕ್ಸೆಲ್ ಅಗಲವೂ ಇಲ್ಲ. ಸ್ಟುಡಿಯೋದ ಹುಡುಗ ಎಐ ತಂತ್ರಾಂಶದಿಂದ ದೊಡ್ಡದು ಮಾಡಿಕೊಟ್ಟ. ಮುಖ ನುಣ್ಣಗೆ ಬಂತು, ಆದರೆ ಮೂಗಿನ ಪಕ್ಕದ ಮಚ್ಚೆ ಇರಲಿಲ್ಲ. ಅದು ಭಟ್ಟರಲ್ಲ, ಭಟ್ಟರ ಹಾಗಿರುವ ಇನ್ಯಾರೋ.

ಈ ಪಾಠದ ಸಾರ ಇಷ್ಟೇ: ಹಾಲಿನಿಂದ ಮೊಸರಾಗುತ್ತದೆ, ಮೊಸರಿನಿಂದ ಹಾಲಾಗುವುದಿಲ್ಲ. ದೊಡ್ಡ ಫೋಟೋದಿಂದ ಚಿಕ್ಕದನ್ನು ಯಾವಾಗ ಬೇಕಾದರೂ ಮಾಡಬಹುದು. ಹೋದ ವಿವರ ಮತ್ತೆ ಬರುವುದಿಲ್ಲ. ತಂತ್ರಾಂಶ ತುಂಬುವುದು ಬರೀ ಊಹೆ.

ಅಳತೆ ಬೇರೆ, ತೂಕ ಬೇರೆ

ಫೋಟೋ ಎಂದರೆ ಬಣ್ಣದ ಚುಕ್ಕಿಗಳ ರಂಗೋಲಿ. ಒಂದೊಂದು ಚುಕ್ಕಿಯೂ ಒಂದು ಪಿಕ್ಸೆಲ್. ೧೨ ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ ೪೦೦೦ x ೩೦೦೦, ಅಂದರೆ ೧ ಕೋಟಿ ೨೦ ಲಕ್ಷ ಚುಕ್ಕಿಗಳು. ಇದು ಅಳತೆ. ಇದನ್ನು ಬದಲಿಸುವುದಕ್ಕೆ ರೀಸೈಜ್ ಎನ್ನುತ್ತಾರೆ.

ಚುಕ್ಕಿಯೊಂದಕ್ಕೆ ೩ ಬೈಟ್‌ನಂತೆ ಹಾಗೇ ಬರೆದಿಟ್ಟರೆ ಈ ಫೋಟೋ ೩೬ ಎಂಬಿ ಆಗಬೇಕು. ಆಗುವುದು ೩ರಿಂದ ೫ ಎಂಬಿ ಮಾತ್ರ. ಕಾರಣ ಜೆಪೆಗ್ ಎಂಬ ಕ್ರಮ. ೧೯೯೨ರಲ್ಲಿ ಮಾನಕವಾದ ಈ ಕ್ರಮ ಫೋಟೋವನ್ನು ೮ x ೮ ಚುಕ್ಕಿಗಳ ಚೌಕಗಳಾಗಿ ಒಡೆದು, ನಮ್ಮ ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ವ್ಯತ್ಯಾಸಗಳನ್ನು ಬಿಟ್ಟುಬಿಡುತ್ತದೆ. ಇದೇ ಕಂಪ್ರೆಸ್ ಮಾಡುವುದು, ಅಂದರೆ ತೂಕ ಇಳಿಸುವುದು. ಮಿತಿಮೀರಿ ಇಳಿಸಿದರೆ ಹಿಂದಿನ ಗೋಡೆಯಲ್ಲಿ ಚೌಕಗಳು ಕಾಣುತ್ತವೆ, ಅಕ್ಷರಗಳ ಸುತ್ತ ಕೊಳೆ ಮೆತ್ತಿದಂತಾಗುತ್ತದೆ.

ಇನ್ನೊಂದು ಮಾತು. ಜೆಪೆಗ್ ಫೋಟೋವನ್ನು ತೆರೆದು, ತಿದ್ದಿ, ಉಳಿಸಿದಾಗಲೆಲ್ಲ ಸ್ವಲ್ಪ ಸ್ವಲ್ಪ ವಿವರ ಹೋಗುತ್ತದೆ. ಮತ್ತೆ ಮತ್ತೆ ಬಿಸಿ ಮಾಡಿದ ಸಾರಿನ ಹಾಗೆ. ಆದ್ದರಿಂದ ಪ್ರತಿ ಸಲವೂ ಮೂಲದಿಂದಲೇ ಹೊಸ ಪ್ರತಿ ಮಾಡಿ. ಪ್ರತಿಯ ಪ್ರತಿ ಬೇಡ.

ಮಾಡುವ ಕ್ರಮ

೧. ಕಂಪ್ಯೂಟರಿನಲ್ಲಿ ಎರಡು ಫೋಲ್ಡರ್ ಮಾಡಿ. ಒಂದು "ಮೂಲ", ಇನ್ನೊಂದು "ಕಳಿಸಲು". ಮೂಲದಲ್ಲಿರುವುದನ್ನು ಮುಟ್ಟಬಾರದು. ಅದರ ಇನ್ನೊಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇರಲಿ.

೨. ಮೊದಲು ಆರಿಸಿ. ಒಂದೇ ಪಾಯಸದ ಐದು ಫೋಟೋ ಯಾರಿಗೂ ಬೇಡ.

೩. ನಂತರ ಕತ್ತರಿಸಿ, ಅಂದರೆ ಕ್ರಾಪ್ ಮಾಡಿ. ಎಲೆಯ ಫೋಟೋದಲ್ಲಿ ಮೂಲೆಯ ಚಪ್ಪಲಿ, ಎಂಜಲು ಬಕೆಟ್ಟು ಬೇಕಿಲ್ಲ. ಬೇಡದ್ದನ್ನು ತೆಗೆದರೆ ತೂಕವೂ ಇಳಿಯುತ್ತದೆ.

೪. ಅಳತೆ ಇಳಿಸಿ. ಉದ್ದದ ಬದಿ ೧೬೦೦ ಪಿಕ್ಸೆಲ್ ಇದ್ದರೆ ಮೊಬೈಲ್, ಲ್ಯಾಪ್‌ಟಾಪ್ ಎರಡರಲ್ಲೂ ನೋಡಲು ಸಾಕು. ೧೬೦೦ x ೧೨೦೦ ಎಂದರೆ ೧೯ ಲಕ್ಷ ೨೦ ಸಾವಿರ ಚುಕ್ಕಿ, ಮೂಲದ ಆರನೇ ಒಂದು ಪಾಲಿಗಿಂತಲೂ ಕಡಿಮೆ.

೫. ಕೊನೆಗೆ ತೂಕ. ಉಳಿಸುವಾಗ ಕ್ವಾಲಿಟಿ ಎಷ್ಟೆಂದು ಕೇಳಿದರೆ ೮೦ ಕೊಡಿ. ಫೋಟೋ ಸಾಮಾನ್ಯವಾಗಿ ೩೦೦ರಿಂದ ೫೦೦ ಕೆಬಿಗೆ ಬರುತ್ತದೆ.

೬. ಕಳಿಸುವ ಮುನ್ನ ೧೦೦ ಶೇಕಡಾ ಗಾತ್ರದಲ್ಲಿ ತೆರೆದು ನೋಡಿ. ಕೋಸಂಬರಿಯ ಒಗ್ಗರಣೆಯಲ್ಲಿ ಸಾಸಿವೆ ಬಿಡಿಬಿಡಿಯಾಗಿ ಕಂಡರೆ ಸರಿ. ಕಲಸಿಹೋಗಿದ್ದರೆ ಕ್ವಾಲಿಟಿ ಏರಿಸಿ ಇನ್ನೊಮ್ಮೆ ಮಾಡಿ.

ಈಗ ಲೆಕ್ಕ ನೋಡಿ. ನನ್ನ ಆ ೧೫ ಫೋಟೋಗಳು ೬೦ ಎಂಬಿ ಇದ್ದವು. ಹೀಗೆ ಮಾಡಿದ್ದರೆ ಸುಮಾರು ೬ ಎಂಬಿ. ಈಮೇಲ್ ದಾರಿಯಲ್ಲಿ ಹೋಗುವಾಗ ಲಗತ್ತಿನ ತೂಕ ಮೂರನೇ ಒಂದು ಪಾಲು ಹೆಚ್ಚುತ್ತದೆ. ಆಗಲೂ ೮ ಎಂಬಿ. ಒಂದೇ ಮೇಲ್‌ನಲ್ಲಿ ಹೋಗುತ್ತಿತ್ತು.

ಯಾವ ಸಾಧನ?

ವಿಂಡೋಸ್‌ನ ಪೇಂಟ್ ಸಾಕು. ಫೋಟೋ ತೆರೆದು ರೀಸೈಜ್ ಒತ್ತಿ, ಪಿಕ್ಸೆಲ್ಸ್ ಆರಿಸಿ, ಉದ್ದದ ಬದಿಗೆ ೧೬೦೦ ಬರೆಯಿರಿ. ಅನುಪಾತ ಉಳಿಸುವ ಗುರುತು ಹಾಗೇ ಇರಲಿ, ಇಲ್ಲದಿದ್ದರೆ ದುಂಡಗಿನ ಹೋಳಿಗೆ ಮೊಟ್ಟೆಯಾಕಾರವಾದೀತು. ಆಮೇಲೆ ಸೇವ್ ಅಲ್ಲ, ಸೇವ್ ಆಸ್ ಒತ್ತಿ "ಕಳಿಸಲು" ಫೋಲ್ಡರಿನಲ್ಲಿ ಉಳಿಸಿ. ಪೇಂಟ್ ಕ್ವಾಲಿಟಿ ಕೇಳುವುದಿಲ್ಲ. ಅದು ಬೇಕಾದವರಿಗೆ, ಮತ್ತು ನೂರು ಫೋಟೋ ಒಟ್ಟಿಗೆ ಮಾಡಬೇಕಾದವರಿಗೆ, ಇರ್ಫಾನ್‌ವ್ಯೂನ ಬ್ಯಾಚ್ ಕನ್ವರ್ಷನ್ ಅನುಕೂಲ. ಅಲ್ಲೂ ಹೊಸ ಪ್ರತಿಗಳು ಬೇರೆ ಫೋಲ್ಡರಿಗೆ ಹೋಗುವಂತೆ ನೋಡಿಕೊಳ್ಳಿ. ಮ್ಯಾಕ್ ಇದ್ದವರಿಗೆ ಪ್ರಿವ್ಯೂನಲ್ಲಿ ಅಡ್ಜಸ್ಟ್ ಸೈಜ್ ಇದೆ.

ಆ್ಯಪಲ್ ೨೦೧೭ರಲ್ಲಿ ತಂದ ಎಚ್‌ಇಐಸಿ ಕ್ರಮದ ಐಫೋನ್ ಫೋಟೋಗಳು ಕೆಲವು ಹಳೆಯ ಕಂಪ್ಯೂಟರುಗಳಲ್ಲಿ ತೆರೆಯುವುದಿಲ್ಲ. ಗಿರಾಕಿಗೆ ಜೆಪೆಗ್ ಮಾಡಿಯೇ ಕಳಿಸಿ. ಮೆನು ಕಾರ್ಡಿಗೆ ಮಾತ್ರ ಜೆಪೆಗ್ ಬೇಡ, ಪಿಎನ್‌ಜಿ ಅಥವಾ ಪಿಡಿಎಫ್ ಮಾಡಿದರೆ ಕನ್ನಡದ ಒತ್ತಕ್ಷರಗಳು ಸ್ಪಷ್ಟ.

ಎಲ್ಲಿಗೆ ಯಾವುದು?

ವಾಟ್ಸಾಪ್: ಸಾಮಾನ್ಯವಾಗಿ ಕಳಿಸಿದರೆ ಅದೇ ಫೋಟೋವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ೨೦೨೩ರಿಂದ ಎಚ್‌ಡಿ ಆಯ್ಕೆಯೂ ಇದೆ. ಇದ್ದದ್ದು ಇದ್ದಂತೆ ಹೋಗಬೇಕಾದರೆ ಡಾಕ್ಯುಮೆಂಟ್ ಎಂದು ಕಳಿಸಿ. ವಾಟ್ಸಾಪಿನಲ್ಲಿ ಫೋಟೋ ಕಳಿಸಿದೆ, ಅಲ್ಲಿ ಇದೆಯಲ್ಲ ಎಂದು ಮೂಲವನ್ನು ಅಳಿಸಬೇಡಿ. ಅಲ್ಲಿರುವುದು ಹಿಂಡಿದ ಪ್ರತಿ.

ಮುದ್ರಣ: ಅಂಗುಲಕ್ಕೆ ೩೦೦ ಚುಕ್ಕಿ ಲೆಕ್ಕ. ೫ x ೭ ಅಂಗುಲದ ಫೋಟೋಗೆ ೧೫೦೦ x ೨೧೦೦, ಎ೪ ಪುಟಕ್ಕೆ ೨೪೮೦ x ೩೫೦೮ ಬೇಕು. ನನ್ನ ೪೮೦ ಪಿಕ್ಸೆಲ್ ಫೋಟೋ ಈ ಲೆಕ್ಕದಲ್ಲಿ ಒಂದೂವರೆ ಅಂಗುಲಕ್ಕೆ ಸಾಕಾಗುವಂಥದ್ದು. ಪ್ರೆಸ್ಸಿಗೆ, ಫ್ಲೆಕ್ಸ್‌ನವರಿಗೆ ಯಾವಾಗಲೂ ಮೂಲದ ಪ್ರತಿಯನ್ನೇ ಕೊಡಿ.

ಗಿರಾಕಿಯ ಮರ್ಯಾದೆ

ಮೊಬೈಲಿನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋ ತೆಗೆದ ಜಾಗವೂ ಫೈಲಿನೊಳಗೆ ದಾಖಲಾಗಿರಬಹುದು. ಮನೆಯ ಸೀಮಂತ, ಗೃಹಪ್ರವೇಶದ ಫೋಟೋ ಆದರೆ ಅದು ಗಿರಾಕಿಯ ಮನೆಯ ವಿಳಾಸವನ್ನೇ ಹಂಚಿದಂತೆ. ವಿಂಡೋಸ್‌ನಲ್ಲಿ ಫೈಲಿನ ಪ್ರಾಪರ್ಟೀಸ್, ಡೀಟೇಲ್ಸ್‌ಗೆ ಹೋಗಿ ಈ ವಿವರಗಳನ್ನು ತೆಗೆದ ಪ್ರತಿ ಮಾಡಬಹುದು. ಅತಿಥಿಗಳ ಮುಖ ಕಾಣುವ ಫೋಟೋ ಹಾಕುವ ಮೊದಲು ಮನೆಯವರನ್ನು ಒಂದು ಮಾತು ಕೇಳಿ.

ಇಂದೇ ಮಾಡಬೇಕಾದದ್ದು

ಬಾಂಧವರೇ, ಇಂದು ರಾತ್ರಿ ಪಾತ್ರೆ ತೊಳೆದು ಮುಗಿದ ಮೇಲೆ ಅರ್ಧ ಗಂಟೆ ಕುಳಿತು ಮೊಬೈಲಿನ ಫೋಟೋಗಳನ್ನು "ಮೂಲ" ಫೋಲ್ಡರಿಗೆ ಹಾಕಿ. ಎಲೆ, ಕೌಂಟರ್, ಹೋಳಿಗೆಗಳ ಫೋಟೋ ಮುಂದಿನ ಮುಹೂರ್ತದಲ್ಲಿ ಮತ್ತೆ ತೆಗೆಯಬಹುದು. ಒಲೆಯ ಮುಂದೆ ನಿಂತ ನಮ್ಮವರ ಫೋಟೋ ಹಾಗಲ್ಲ. ನಿಮ್ಮ ಭಟ್ಟರನ್ನು, ಬಡಿಸುವ ಹುಡುಗರನ್ನು, ತರಕಾರಿ ಹೆಚ್ಚುವ ಅಕ್ಕಂದಿರನ್ನು ನಿಲ್ಲಿಸಿ ಒಂದೊಂದು ಒಳ್ಳೆಯ ಫೋಟೋ ತೆಗೆದು, ಅದನ್ನೂ ಅಲ್ಲೇ ಇಡಿ.