ಬಾಡಿಗೆಗೆ ಕೊಡುವ ಮನೆ: ಆದಾಯದ ನಿಜವಾದ ಲೆಕ್ಕ

ಜೀವಮಾನದ ಉಳಿತಾಯವನ್ನು ಮನೆಯ ಮೇಲೆ ತೊಡಗಿಸಿ, ಅದರ ಬಾಡಿಗೆಯಿಂದ ನಿವೃತ್ತ ಜೀವನವನ್ನು ನೆಮ್ಮದಿಯಿಂದ ಕಳೆಯಬೇಕೆಂಬ ಆಸೆ ಮಧ್ಯಮ ವರ್ಗದ ಕುಟುಂಬಗಳಲ್ಲಿ ಸಹಜವಾದುದು. ಚೆನ್ನೈಯಂತಹ ಮಹಾನಗರದಲ್ಲಿ ಬಾಡಿಗೆದಾರರಿಗೆ ಕೊರತೆಯಿಲ್ಲ. ರಾಜೀವ್ ಗಾಂಧಿ ಸಾಲೈಯ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳೂ ಶ್ರೀಪೆರುಂಬುದೂರು, ಒರಗಡಂಗಳ ಕಾರ್ಖಾನೆಗಳೂ ದೇಶದ ನಾನಾ ಭಾಗಗಳ ಉದ್ಯೋಗಿಗಳನ್ನು ಸೆಳೆದಿವೆ. ಆದರೆ ಬಾಡಿಗೆ ಬಂದ ಮಾತ್ರಕ್ಕೆ ಲಾಭ ಬಂದಂತಲ್ಲ.

ಕೈಗೆ ಉಳಿಯುವುದೆಷ್ಟು?

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. 60 ಲಕ್ಷ ರೂಪಾಯಿ ಬೆಲೆಯ ಮನೆಗೆ ತಿಂಗಳಿಗೆ 16,000 ರೂಪಾಯಿ ಬಾಡಿಗೆ ಬರುತ್ತದೆಂದು ಭಾವಿಸೋಣ. ವರ್ಷದ ಬಾಡಿಗೆ 1,92,000 ರೂಪಾಯಿ, ಅಂದರೆ ಬಂಡವಾಳದ ಶೇಕಡ 3.2. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಉಳಿದು, ಆಸ್ತಿ ತೆರಿಗೆ, ದುರಸ್ತಿ, ನಿರ್ವಹಣೆಗಳಿಗೆ 36,000 ರೂಪಾಯಿ ವೆಚ್ಚವಾದರೆ ಉಳಿಯುವುದು 1,40,000 ರೂಪಾಯಿ ಮಾತ್ರ. ಆಗ ಪ್ರತಿಫಲ ಶೇಕಡ 2.3ಕ್ಕೆ ಇಳಿಯುತ್ತದೆ. ನೋಂದಣಿ ಮತ್ತು ಮುದ್ರಾಂಕ ಶುಲ್ಕಗಳನ್ನು ಬಂಡವಾಳಕ್ಕೆ ಸೇರಿಸಿದರೆ ಅದು ಇನ್ನೂ ಕಡಿಮೆಯಾಗುತ್ತದೆ. ಗೃಹಸಾಲದ ಬಡ್ಡಿದರ ಸಾಮಾನ್ಯವಾಗಿ ಇದಕ್ಕಿಂತ ಬಹಳ ಹೆಚ್ಚು. ಆದುದರಿಂದ ಬಾಡಿಗೆಯಿಂದಲೇ ಸಾಲ ತೀರುವುದೆಂಬ ನಿರೀಕ್ಷೆ ಸರಿಯಲ್ಲ.

ಆದಾಯ ತೆರಿಗೆಯಲ್ಲಿ ಕೊಂಚ ರಿಯಾಯಿತಿಯುಂಟು. ಬಾಡಿಗೆ ಆದಾಯದಿಂದ ನಗರಸಭೆಗೆ ಪಾವತಿಸಿದ ತೆರಿಗೆಯನ್ನು ಕಳೆದು, ಉಳಿದ ಮೊತ್ತದಲ್ಲಿ ಶೇಕಡ 30ರಷ್ಟು ಕಡಿತ ದೊರೆಯುತ್ತದೆ.

ಭೂಮಿ ಮತ್ತು ನೀರು

ಕಟ್ಟಡ ವರ್ಷದಿಂದ ವರ್ಷಕ್ಕೆ ಹಳೆಯದಾಗುತ್ತದೆ; ಬೆಲೆ ಏರುವುದು ಮುಖ್ಯವಾಗಿ ಭೂಮಿಗೆ. ಆದ್ದರಿಂದ ಬಹುಮಹಡಿ ಕಟ್ಟಡದಲ್ಲಿ ಮನೆ ಕೊಳ್ಳುವವರು ಭೂಮಿಯ ಅವಿಭಕ್ತ ಪಾಲು ತಮಗೆಷ್ಟು ಸೇರುತ್ತದೆಂಬುದನ್ನು ಕ್ರಯಪತ್ರದಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು. ಋಣಭಾರ ಪ್ರಮಾಣಪತ್ರ ಮತ್ತು ಅನುಮೋದಿತ ನಕ್ಷೆಗಳ ಪರಿಶೀಲನೆಯೂ ಅಷ್ಟೇ ಅಗತ್ಯ.

ಚೆನ್ನೈಯಲ್ಲಿ ನೀರು ಎರಡು ಬಗೆಯಲ್ಲಿ ಆದಾಯವನ್ನು ಬಾಧಿಸುತ್ತದೆ. 2015 ಮತ್ತು 2023ರ ಡಿಸೆಂಬರ್ ತಿಂಗಳುಗಳಲ್ಲಿ ವೇಳಚೇರಿ, ಮುಡಿಚೂರು ಮೊದಲಾದ ತಗ್ಗು ಪ್ರದೇಶಗಳು ಜಲಾವೃತವಾದವು. 2019ರ ಬೇಸಿಗೆಯಲ್ಲಾದರೋ ನಗರಕ್ಕೆ ನೀರೊದಗಿಸುವ ಜಲಾಶಯಗಳು ಬತ್ತಿ, ಟ್ಯಾಂಕರುಗಳೇ ಗತಿಯಾದವು. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಸ್ಥಳವನ್ನು ಕಂಡು, ನೆರೆಯವರನ್ನು ವಿಚಾರಿಸಿ ಮುಂದುವರಿಯುವುದು ಲೇಸು.

ಕರಾರು ಲಿಖಿತವಾಗಿರಲಿ

ಹಿಂದೆ ಚೆನ್ನೈಯಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ರೂಢಿ ಇತ್ತು. 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದ ತಮಿಳುನಾಡಿನ 2017ರ ಕಾಯಿದೆಯಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಠೇವಣಿ ಮೂರು ತಿಂಗಳ ಬಾಡಿಗೆಯನ್ನು ಮೀರಕೂಡದು. ಕರಾರು ಲಿಖಿತವಾಗಿದ್ದು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಇದರಿಂದ ಮಾಲೀಕರಿಗೂ ಬಾಡಿಗೆದಾರರಿಗೂ ಸಮಾನ ರಕ್ಷಣೆ ದೊರೆಯುತ್ತದೆ.

ಮನೆ ಅವಸರಕ್ಕೆ ಮಾರಾಟವಾಗುವ ಸ್ವತ್ತಲ್ಲ. ಚಿಕಿತ್ಸೆ ಮುಂತಾದ ತುರ್ತು ವೆಚ್ಚಗಳಿಗೆ ಬೇಕಾಗುವ ಹಣವನ್ನು ಬ್ಯಾಂಕು ಅಥವಾ ಅಂಚೆ ಕಚೇರಿಯಲ್ಲಿ ಪ್ರತ್ಯೇಕವಾಗಿರಿಸಿ, ಉಳಿದುದನ್ನು ಮಾತ್ರ ಮನೆಯಲ್ಲಿ ತೊಡಗಿಸುವುದು ವಿವೇಕ.